ಡ್ರೈವರ್ ಸೀಟಿಗೆ ಕಟ್ಟಿದ ದನಿ

ನನಗೆ ಕಿವಿಯಿಲ್ಲ ಎಂದು ಹತ್ತು ಜನರೆದುರು ಹೇಳಿದವನು ನನ್ನ ಉಸ್ತಾದ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅವನದು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಆರನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಅಲ್ಲಿ ಹನ್ನೊಂದು ವರ್ಷ ಬೆಸುಗೆಯ ಹೊಗೆ ಕುಡಿದು ಕೆಲಸ ಕಲಿತಿದ್ದೆ. ಕಾರಿಗೆ ಸ್ಪೀಕರ್ ಕೂಡಿಸುವ ಕೆಲಸವಂತೂ ಕೊನೆಕೊನೆಗೆ ಪೂರಾ ನನ್ನದೇ. ಗಿರಾಕಿಗಳ ಹೊಗಳಿಕೆ ಮಾತ್ರ ಅವನಿಗೆ.

"ಸ್ವಂತ ಅಂಗಡಿ ಹಾಕ್ತೀನ್ರಿ" ಎಂದು ನಾನು ಹೇಳಿದ ದಿನ ಅವನು ಸಿಟ್ಟಾಗಲಿಲ್ಲ. ನಕ್ಕ. "ಹಾಕು ಬೇಟಾ. ಕೈ ಭಾಳ ಛಲೋ ಅದಾವ ನಿನ್ನವು. ಕಿವಿ ಇಲ್ಲ. ಬರೇ ಕೈಯಿಂದ ಈ ಧಂದಾ ನಡಿಯಂಗಿಲ್ಲ."

ನಮ್ಮ ಬಜಾರದಲ್ಲಿ ಒಂದು ರಿವಾಜು ಇತ್ತು. ಕೈಕೆಳಗೆ ಕಲಿತ ಶಾಗಿರ್ದ ಅಂಗಡಿ ತೆರೆದರೆ ಉಸ್ತಾದನನ್ನು ಕರೆದು ಅವನ ಕೈಯಿಂದಲೇ ಮೊದಲ ಸ್ವಿಚ್ ಹಾಕಿಸಬೇಕು. ನಾನು ಕರೆಯಲಿಲ್ಲ. ಶರಣಬಸವೇಶ್ವರ ಗುಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದೆ. ಸ್ವಿಚ್ಚನ್ನು ನಾನೇ ಹಾಕಿದೆ.

ತೊಂಬತ್ತರ ದಶಕದ ನಡುವಿನ ಮಾತು. ಬರುವವರೆಲ್ಲ ಜೀಪಿನವರು, ಟ್ಯಾಕ್ಸಿಯವರು. ಅವರಿಗೆ ಸದ್ದು ಬೇಕು, ದನಿ ಬೇಡ. "ಕಿಡಕಿ ಗಾಜು ನಡುಗ್ಬೇಕು ನೋಡು ಮಿಸ್ತ್ರಿ" ಅನ್ನುತ್ತಿದ್ದರು. ನಡುಗಿಸಿ ಕಳಿಸುತ್ತಿದ್ದೆ. ಇದರಿಂದ ಉಸ್ತಾದನ ಮಾತು ಸುಳ್ಳಾಗುವುದಿಲ್ಲ. ಸುಳ್ಳಾಗಬೇಕಾದರೆ ಒಂದೇ ಒಂದು ಗಾಡಿ ಬೇಕಿತ್ತು, ಕೇಳಿದವರು ಬಾಯಿ ಮುಚ್ಚಿ ಕೂಡುವಂಥದು.

ಅದು ಕಮಲಾಪುರದಿಂದ ಬಂತು. ಬಿಳಿ ಅಂಬಾಸಡರ್, ಡೀಸೆಲ್ ಗಾಡಿ. ಅದರ ಒಡೆಯ ಅಲ್ಲಿ ಬಾಳೆ ತೋಟ ಇದ್ದ ಸಾಹುಕಾರ. ಅಂಗಡಿಯ ಮುಂದೆ ಇಳಿದು ನಿಂತು, ಧೋತರದ ಚುಂಗು ಹಿಡಿದುಕೊಂಡು ಹೇಳಿದ: "ನನಗ ಧಡ್ ಧಡ್ ಬ್ಯಾಡಪಾ. ನಾ ಕೇಳೋದು ವಚನ, ತತ್ವಪದ. ಹಾಡೋರು ಎದುರಿಗಿ ಕುಂತು ಹಾಡಿದಂಗ ಆಗಬೇಕು. ಆಗ್ತದೇನು ನಿನ್ನ ಕೈಲೆ? ಆಗಂಗಿಲ್ಲಂದ್ರ ಈಗs ಹೇಳು, ಸ್ಟೇಶನ್ ಬಜಾರಕ್ಕ ಹೋಗ್ತೀನಿ."

ಸ್ಟೇಶನ್ ಬಜಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, "ಗಾಡಿ ಇಲ್ಲೇ ಬಿಟ್ಟು ಹೋಗ್ರಿ" ಎಂದೆ.

ಮೂರು ವಾರ ಆ ಗಾಡಿ ನನ್ನ ಹತ್ತಿರ ಇತ್ತು. ಮೊದಲು ಬಾಗಿಲುಗಳ ಒಳಹಾಳೆ ಬಿಚ್ಚಿದೆ. ತಗಡು ಬಡಿದರೆ ಡಬ್ಬಿಯ ಸದ್ದು. ಮಾಳಿಗೆ ಸೋರದಂತೆ ಹಾಸುವ ಡಾಂಬರು ಹಾಳೆ ತಂದು, ಕಾಸಿ, ಒಳಗಿನಿಂದ ಅಂಟಿಸಿದೆ; ಆಮೇಲೆ ಬಡಿದರೆ ಗೋಡೆ ಬಡಿದಂತೆ ಆಯಿತು. ಡಿಕ್ಕಿಯಲ್ಲಿಡುವ ದೊಡ್ಡ ಸ್ಪೀಕರಿಗೆ ಮುಕ್ಕಾಲು ಇಂಚಿನ ಪ್ಲೈವುಡ್ಡಿನ ಪೆಟ್ಟಿಗೆ ನಾನೇ ಕೊಯ್ದು ಮಾಡಿದೆ. ಸಂದಿಗಳಿಗೆ ಗೋಂದು, ಮೇಣ. ಒಳಗೆ ತುಂಬಲು ಗಾದಿ ಹೊಲಿಯುವ ಪಿಂಜಾರನ ಹತ್ತಿರ ಹೋಗಿ ಅರಳೆ ಬಿಡಿಸಿಕೊಂಡು ಬಂದೆ. ಹಿಡಿ ಹೆಚ್ಚಾದರೆ ತಬಲಾ ಸತ್ತುಹೋಗುತ್ತದೆ, ಹಿಡಿ ಕಡಿಮೆಯಾದರೆ ಕೊಡ ಬಡಿದಂತೆ ಕೇಳುತ್ತದೆ. ಪೆಟ್ಟಿಗೆಯನ್ನು ಎಷ್ಟು ಸಲ ತೆರೆದು ಮುಚ್ಚಿದೆನೋ ಲೆಕ್ಕವಿಲ್ಲ.

ಗಾಡಿ ಚಾಲೂ ಮಾಡಿದರೆ ಸ್ಪೀಕರಿನಲ್ಲಿ ಸೊಳ್ಳೆಯಂಥ ಕುಂಯ್ ಎಂಬ ಸದ್ದು, ಎಕ್ಸಿಲೇಟರ್ ತುಳಿದಷ್ಟೂ ಏರುತ್ತಿತ್ತು. ಕರೆಂಟಿನ ವೈರು ಎಡಗಡೆಯಿಂದ, ಹಾಡಿನ ವೈರು ಬಲಗಡೆಯಿಂದ ಬೇರೆಬೇರೆ ಒಯ್ದು, ಬಣ್ಣ ಕೆರೆದ ತಗಡಿಗೆ ಅರ್ಥಿಂಗ್ ಕಟ್ಟಿದ ಮೇಲೆ ಆ ಸೊಳ್ಳೆ ಸತ್ತಿತು. ಪ್ರತಿ ಸ್ಪೀಕರಿಗೆ ಬ್ಯಾಟರಿ ಸೆಲ್ ಮುಟ್ಟಿಸಿ, ಅದರ ನಡುವಿನ ಕಾಗದದ ಬುಟ್ಟಿ ಮುಂದಕ್ಕೆ ಜಿಗಿಯುತ್ತದೋ ಹಿಂದಕ್ಕೋ ನೋಡಿ ವೈರು ಜೋಡಿಸಿದೆ. ಒಂದು ಉಲ್ಟಾ ಆದರೂ ಎರಡು ದನಿ ಒಂದನ್ನೊಂದು ತಿಂದುಬಿಡುತ್ತವೆ. ಓದಿದವರು ಇದಕ್ಕೆ ಪುಸ್ತಕ ನೋಡುತ್ತಾರೆ. ನಾನು ನೋಡಿದವನಲ್ಲ.

ಕೊನೆಯ ನಾಲ್ಕು ದಿನ ಡ್ರೈವರ್ ಸೀಟಿನಲ್ಲಿ ಕೂತೇ ಕಳೆದೆ. ತೆಳುದನಿಯ ಪುಟ್ಟ ಸ್ಪೀಕರ್ ಎರಡನ್ನು ಡ್ಯಾಶ್‌ಬೋರ್ಡಿನ ಎರಡು ತುದಿಗಿಟ್ಟು, ಕೂದಲೆಳೆಯಷ್ಟು ತಿರುಗಿಸುವುದು, ಕಣ್ಣು ಮುಚ್ಚಿ ಕೇಳುವುದು, ಮತ್ತೆ ತಿರುಗಿಸುವುದು. ಬಲಗಡೆಯದು ಹತ್ತಿರ, ಆದ್ದರಿಂದ ಅದನ್ನು ತಗ್ಗಿಸಬೇಕು. ಎಡಗಡೆಯದು ದೂರ, ಅದನ್ನು ಏರಿಸಬೇಕು. ನಾಲ್ಕನೆಯ ದಿನ ಮಧ್ಯಾಹ್ನ ಎರಡೂ ಕೂಡಿಕೊಂಡವು. ಹಾಡುವವನ ದನಿ ಸ್ಪೀಕರು ಬಿಟ್ಟು ಎದ್ದು ಗಾಜಿನಾಚೆ ನಟ್ಟನಡುವೆ ನಿಂತಿತು. ಹಾರ್ಮೋನಿಯಂ ಅವನ ಎಡಕ್ಕೆ, ತಬಲಾ ಬಲಕ್ಕೆ. ನನಗೆ ಆಗ ನೆನಪಾದದ್ದು ದೇವರಲ್ಲ, ಉಸ್ತಾದ. ಬಂದು ಕೇಳಲಿ ಈಗ, ಎಂದುಕೊಂಡೆ.

ಗಾಡಿ ಒಯ್ಯಲು ಸಾಹುಕಾರ ಬರಲಿಲ್ಲ, ಅವನ ಡ್ರೈವರ್ ಬಂದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಕಾಕಾ ಎಂದೇ ಕರೆದೆ. ಸ್ಟೇರಿಂಗ್ ಹಿಡಿದು ಕೂತು ಒಂದು ಪದ ಪೂರಾ ಕೇಳಿದ. ಮುಗಿದ ಮೇಲೆ ಬಾನೆಟ್ಟಿನ ಕಡೆ ಕೈ ತೋರಿಸಿದ. "ಅಲ್ಲಿ ಯಾರರೆ ಕುಂತಾರೇನು ಮಿಸ್ತ್ರಿ? ಇಳಿದು ನೋಡ್ಲೇನು?"

ಎಂಟು ದಿನದಲ್ಲಿ ಅದೇ ಕಾಕಾ ಅದೇ ಗಾಡಿಯಲ್ಲಿ ಬಂದ. ಮುಖ ಇಳಿದಿತ್ತು.

"ಸಾಹುಕಾರ್ರು ಭಾಳ ಬಯ್ಯಾಕತ್ತಾರಪಾ. ತಲಿ ನೋವು ತಂದಾನ ಮಗ, ಅಂತಾರ. ನಿನ್ನಿ ಸ್ಟೇಶನ್ ಬಜಾರಕ್ಕ ಒಯ್ದಿದ್ರು. ನಿನ್ನ ಉಸ್ತಾದ, ಆ ಮುದುಕ, ಕೇಳಿ ನಕ್ಕ. ನಾ ಅವತ್ತೇ ಹೇಳಿದ್ನಲ್ಲ, ಕಿವಿ ಇಲ್ಲ ಅವಗ, ಅಂದ."

ಅಂಗಡಿಯ ಶಟರ್ ಎಳೆದು, ಹತಾರದ ಚೀಲ ತೆಗೆದುಕೊಂಡು, ಅವನ ಪಕ್ಕಕ್ಕೆ ಕೂತೆ. "ನಡಿ ಕಾಕಾ, ಕಮಲಾಪುರಕ್ಕ." ಟೇಪು ಹಚ್ಚಿಸಿ, ದಾರಿಯುದ್ದಕ್ಕೂ ಅವನ ಭುಜಕ್ಕೆ ಭುಜ ಒತ್ತಿಕೊಂಡು ವಾಲಿ, ಅವನ ಕಿವಿಯ ಜಾಗದಿಂದ ಕೇಳಿದೆ. ಒಂದು ಎಳೆಯೂ ತಪ್ಪಿರಲಿಲ್ಲ. ಮುದುಕ ಸುಳ್ಳು ಹೇಳಿದ್ದಾನೆ, ಹೊಟ್ಟೆಕಿಚ್ಚಿಗೆ ಹೇಳಿದ್ದಾನೆ. ಅವನಿಗೆ ಏನೇನು ಅನ್ನಬೇಕೋ ಅದನ್ನೆಲ್ಲ ಮೂವತ್ತೈದು ಕಿಲೋಮೀಟರಿನಲ್ಲಿ ಮನಸ್ಸಿನಲ್ಲೇ ಅಂದು ಮುಗಿಸಿದ್ದೆ.

ಸಾಹುಕಾರ ಪಡಸಾಲೆಯಲ್ಲಿ ಕೆಂಪು ಬಾಳೆಹಣ್ಣು ಸುಲಿಯುತ್ತಾ ಕೂತಿದ್ದ. ನಾಲ್ಕೈದು ತೋಟದಾಳುಗಳು ಕಟ್ಟೆಯ ಮೇಲಿದ್ದರು.

"ಬಂದೇನೋ? ಯಾರ ಸೇಡು ನನ್ನ ಮ್ಯಾಲ ತೀರಿಸ್ದಿ?"

"ತಪ್ಪೇನದ ತೋರಸ್ರಿ" ಎಂದೆ. "ಮುದುಕನ ಮಾತು ಕೇಳಿ ನನ್ನ ಕೆಲಸಕ್ಕ ಹೆಸರು ಇಡಬ್ಯಾಡ್ರಿ. ಬರ್ರಿ, ಸ್ಟೇರಿಂಗ್ ಮುಂದ ಕೂಡ್ರಿ, ನಿಮ್ಮ ಕಿವೀಲೆ ಕೇಳ್ರಿ."

"ಯಾಕ ಕೂಡ್ಲಿ? ನನಗ ಗಾಡಿ ಹೊಡ್ಯಾಕ ಬರಂಗಿಲ್ಲ."

ಕಟ್ಟೆಯ ಮೇಲಿನವರು ನಕ್ಕರು. ಸಾಹುಕಾರ ಸಿಪ್ಪೆ ಬಿಸಾಕಿ ಎದ್ದ. "ನಾ ಕೂಡೋದು ಹಿಂದ, ಎಡಕ್ಕ. ಇಪ್ಪತ್ತು ವರ್ಷ ಅಲ್ಲೇ ಕೂಡಾಕತ್ತೀನಿ. ಆ ಮುದುಕ ನಾ ಹೋದಕೂಡ್ಲೇ ಮೊದಲು ಕೇಳಿದ್ದೇ ಅದು, ಸಾಹುಕಾರ್ರೇ ನೀವು ಎಲ್ಲಿ ಕೂಡ್ತೀರಿ, ಅಂತ. ನನ್ನ ಬಾಜೂಕ ಬಂದು ಕುಂತು ಕೇಳಿದ. ನೀ ಕೇಳಿದ್ದೇನು? ನನ್ನ ಗಾಡಿ, ನನ್ನ ರೊಕ್ಕ, ಹಾಡು ಡ್ರೈವರ್‌ಗಿ?"

ನಾನು ಕೇಳಿರಲಿಲ್ಲ. ನನ್ನ ಅಂಗಡಿಗೆ ಗಾಡಿ ತಂದವರೆಲ್ಲ ಹೊಡೆಯುವವರು. ಹಿಂದೆ ಕೂತು ಹೋಗುವ ಮನುಷ್ಯ ನನ್ನ ಲೆಕ್ಕದಲ್ಲೇ ಇರಲಿಲ್ಲ. ನಾನಂತೂ ಅಂಥ ಗಾಡಿಯ ಹಿಂದಿನ ಸೀಟಿನಲ್ಲಿ ಹುಟ್ಟಿದಾಗಿನಿಂದ ಒಮ್ಮೆಯೂ ಕೂತವನಲ್ಲ.

"ಹತ್ತು" ಎಂದು ಅವನೇ ಹಿಂದಿನ ಬಾಗಿಲು ತೆಗೆದ.

ಕಾಲಿನ ಮಣ್ಣು ಜಾಡಿಸಿ ಹತ್ತಿ ಕೂತೆ. ಕಾಕಾ ಟೇಪು ಹಚ್ಚಿದ. ಡಿಕ್ಕಿಯ ಪೆಟ್ಟಿಗೆ ನೆಟ್ಟಗೆ ಬೆನ್ನಿಗೆ ಗುದ್ದಿತು. ತಬಲಾದ ಒಂದೊಂದು ಪೆಟ್ಟೂ ಎಲುಬಿಗೆ. ಹಾಡುವವನು ಎಲ್ಲೋ ಮುಂದೆ, ಗೋಡೆಯಾಚೆ ಮಲಗಿ ಗೊಣಗುವ ರೋಗಿಯ ಹಾಗೆ. ಅಕ್ಷರ ತಿಳಿಯುತ್ತಿರಲಿಲ್ಲ. ಇದನ್ನೇ ದಿನಾ ಕೇಳುವವನಿಗೆ ತಲೆ ನೋಯದೆ ಮತ್ತೇನು? ಇದನ್ನು ತಿಳಿಯಲು ನನಗೆ ಯಾರೂ ಬೇಕಾಗಿರಲಿಲ್ಲ. ನನ್ನ ಕಿವಿಗಳೇ ನನ್ನ ವಿರುದ್ಧ ಸಾಕ್ಷಿ ಹೇಳಿದವು.

"ಏನಂತಿ?" ಎಂದ ಸಾಹುಕಾರ, ಕಿಡಕಿಯಲ್ಲಿ ಬಗ್ಗಿ.

ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. "ಮೂರು ತಾಸು ಬೇಕ್ರಿ" ಎಂದೆ.

ಅವನು ಕುರ್ಚಿ ತರಿಸಿ ಬೇವಿನ ನೆರಳಿಗೆ ಹಾಕಿಕೊಂಡು ಕೂತ, ನನ್ನನ್ನು ನೋಡಲಿಕ್ಕೆಂದೇ. ನಾಲ್ಕು ದಿನ ಕೂದಲೆಳೆ ಲೆಕ್ಕದಲ್ಲಿ ಕೂಡಿಸಿದ್ದ ಪುಟ್ಟ ಸ್ಪೀಕರುಗಳನ್ನು ಡ್ಯಾಶ್‌ಬೋರ್ಡಿನಿಂದ ಕಿತ್ತೆ. ಮುಂದಿನ ಸೀಟಿನ ಬೆನ್ನಿಗೆ, ಹಿಂದೆ ಕೂತವನ ಎದೆಯ ಎತ್ತರಕ್ಕೆ, ಎರಡು ಕಡೆ ಬಿಗಿದು, ಮುಖವನ್ನು ಎಡಮೂಲೆಗೆ ತಿರುಗಿಸಿದೆ. ಬಾಗಿಲಿನ ಸ್ಪೀಕರ್ ತಗ್ಗಿಸಿದೆ. ಪೆಟ್ಟಿಗೆಯ ಬಾಯಿಯನ್ನು ಸೀಟಿನಿಂದ ಡಿಕ್ಕಿಯ ಬಾಗಿಲ ಕಡೆಗೆ ಹೊರಳಿಸಿ, ಜೋರು ಅರ್ಧಕ್ಕಿಳಿಸಿದೆ. ಪ್ರತಿ ಸಲ ಹಿಂದೆ ಹೋಗಿ ಕೂತು ಕೇಳುತ್ತಿದ್ದೆ. ಪ್ರತಿ ಸಲ ಕುರ್ಚಿಯಿಂದ ಒಂದು ಮಾತು.

"ಕುಂತು ಕುಂತು ರೂಢಿ ಆದೀತು ನಿನಗ. ಇಳಿಯಾಕ ಮನಸಾಗಲಿಕ್ಕಿಲ್ಲ."

ನಾನು ಇಳಿದು ಮತ್ತೊಂದು ಸ್ಕ್ರೂ ತಿರುಗಿಸಿದೆ.

ಹೊತ್ತು ವಾಲುವ ಮುಂಚೆ ಅವನು ಹತ್ತಿ ಕೂತ. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರಾ ಕೇಳಿದ. ಅರ್ಧದಲ್ಲಿ ಕಣ್ಣು ಮುಚ್ಚಿದ, ತೊಡೆಯ ಮೇಲೆ ಬೆರಳು ಆಡಿದವು. ಇಳಿದಾಗ ಮಾತ್ರ ಮುಖ ಮೊದಲಿನಂತೆಯೇ. "ಈಗ ಆತು. ಇದನ್ನ ಮೊದಲs ಮಾಡಬೇಕಿತ್ತು" ಎಂದು ಒಳಗೆ ಹೋದ. 'ಉಸ್ತಾದನಿಗೆ ಇದನ್ನ ಹೇಳ್ರಿ' ಎಂದು ಸಾಹುಕಾರನಿಗೆ ಅನ್ನಬೇಕೆಂದಿದ್ದೆ. ಏನಂತ ಹೇಳಿಸಲಿ? ಉಸ್ತಾದ ಕೇಳಿದ ಪ್ರಶ್ನೆಯಿಂದಲೇ ನನ್ನ ಕೆಲಸ ಸರಿಯಾಗಿತ್ತು.

ಕಾಕಾ ನನ್ನನ್ನು ಕಲಬುರಗಿಗೆ ಬಿಡಲು ಹೊರಟ. ಹಿಂದೆ ಸೀಟು ಖಾಲಿ ಇದ್ದರೂ ಮುಂದೆಯೇ ಕೂತೆ. ಊರು ದಾಟಿದ ಮೇಲೆ ಅವನು ಟೇಪು ಹಚ್ಚಿದ. ಸೀಟಿನ ಬೆನ್ನಿನಾಚೆಯಿಂದ ಯಾರಿಗೋ ಹಾಡಿದ ಹಾಡು ಸೋರಿ ಬರುತ್ತಿತ್ತು. ಅವನು ಸ್ವಲ್ಪ ದೂರ ಕೇಳಿದ, ಕತ್ತು ಹಿಂದಕ್ಕೆ ಹೊರಳಿಸಿ ನೋಡಿದ.

"ಮೊದಲಿಂದೇ ಭಾಳ ಛಲೋ ಇತ್ತಲ್ಲೋ ಮಿಸ್ತ್ರಿ. ಎಂಟು ದಿನ ನಾ ದಿನಾ ನಸುಕಿನ್ಯಾಗ ಗಾಡಿ ಒರಸಾಕ ಬಂದು ಒಂದು ಪದ ಕೇಳ್ತಿದ್ದೆ. ಯಾಕ ಕೆಡಿಸಿದಿ?"

ಆ ಗಾಡಿಯ ಕೆಲಸಕ್ಕೆ ಒಳ್ಳೆಯ ಮಾತಾಡಿದವನು ಅವನೊಬ್ಬನೇ. ಸಾಹುಕಾರನಿಗೆ ಅನ್ನಲಾಗದ್ದು, ಉಸ್ತಾದನಿಗೆ ಅನ್ನಲಾಗದ್ದು, ಎಲ್ಲ ಒಮ್ಮೆಲೇ ಬಾಯಿಗೆ ಬಂತು.

"ನಿನ್ನ ಕೇಳಿದವರ್‍ಯಾರು ಕಾಕಾ? ಡ್ರೈವರ್ ಇದ್ದಿ, ರಸ್ತಾ ನೋಡಿ ಗಾಡಿ ಹೊಡಿ."

ಅವನು ಕೈ ಚಾಚಿ ಟೇಪು ಬಂದ್ ಮಾಡಿದ. ಕಲಬುರಗಿಯವರೆಗೆ ಡೀಸೆಲ್ ಇಂಜಿನ್ನಿನ ಸದ್ದೊಂದೇ.