ಆರ್ವಿಲಾಳ ಅಗ್ಗದ ಗುಂಡು

ಆರ್ವಿಲಾ ಟ್ವೇಟ್ ಎಂಜಲು ಕೈಯಲ್ಲಿ ಕಾಗೆ ಓಡಿಸುವವಳಲ್ಲ ಎಂದು ಊರಿನವರು ಹೇಳುತ್ತಿದ್ದರು. ಊರಿನ ಬಾಯಿಗೆ ಬೀಗವಿಲ್ಲ, ನಿಜ. ಆದರೆ ಈ ಒಂದು ವಿಷಯದಲ್ಲಿ ಊರು ಸುಳ್ಳು ಹೇಳುತ್ತಿರಲಿಲ್ಲ. ದಕ್ಷಿಣ ಡಕೋಟಾದ ಆ ಬಯಲಿನಲ್ಲಿ ಬಿಟ್ಟಿ ಸಿಗುವುದು ಗಾಳಿಯೊಂದೇ. ಅವಳು ಅದನ್ನೂ ಬಟ್ಟೆ ಒಣಗಿಸಲು ದುಡಿಸಿಕೊಳ್ಳುತ್ತಿದ್ದಳು. ಒಮ್ಮೆ ಕುದಿಸಿದ ಕಾಫಿಪುಡಿ ಇನ್ನೊಮ್ಮೆ ಕುದಿಯುತ್ತಿತ್ತು. ತಲೆಗೂದಲನ್ನು ಕೋಳಿ ಕತ್ತರಿಸುವ ಕತ್ತರಿಯಲ್ಲಿ ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ಸ್ವಂತ ತಂಗಿ ಸಿಗ್ನಿ ನಡುಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದರೂ ಅಲ್ಲಿ ಹೋಗಿ ಕೂತವಳಲ್ಲ. ದುಡ್ಡು ಕೊಡಲು ಮನಸ್ಸಿಲ್ಲ, ಬಿಟ್ಟಿ ಮಾಡಿಸಿಕೊಳ್ಳಲು ಬಿಗುಮಾನ. ಹೀಗಾಗಿ ಹಣೆಯ ಮೇಲೆ ಆ ಸೊಟ್ಟ ಕೂದಲು ವರ್ಷಗಟ್ಟಲೆ ಹಾಗೇ ಇತ್ತು.

ಅವಳಿಗಿದ್ದ ಶೋಕಿ ಒಂದೇ, ಪಿಸ್ತೂಲು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಬುಧವಾರ ಸಂಜೆ ಕ್ಲಬ್ಬಿನ ಮೈದಾನಕ್ಕೆ ಹೋಗಿ ಉಕ್ಕಿನ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುವುದು. ಅದರಲ್ಲೂ ಜಿಪುಣತನ ಬಿಟ್ಟಿರಲಿಲ್ಲ. ಎಲ್ಲರೂ ಹೊರಟುಹೋದ ಮೇಲೆ ಬಗ್ಗಿ ಬಗ್ಗಿ ಖಾಲಿ ಹಿತ್ತಾಳೆ ತೋಟಾಗಳನ್ನು ಆರಿಸಿ ತರುತ್ತಿದ್ದಳು. ಮನೆಯ ನೆಲಮಾಳಿಗೆಯಲ್ಲಿ ಅವಕ್ಕೆ ಮತ್ತೆ ಮದ್ದು ಸುರಿದು, ಬಾಯಿಗೆ ಗುಂಡು ಕೂರಿಸಿ, ಹೊಸ ತೋಟಾ ಮಾಡಿಕೊಳ್ಳುತ್ತಿದ್ದಳು. ಹಿತ್ತಾಳೆ ಮರಳಿ ಬರುತ್ತದೆ, ಹಾರಿದ ಗುಂಡು ಬರುವುದಿಲ್ಲ. ಆದ್ದರಿಂದ ಅವಳ ತಲೆಯೆಲ್ಲ ಗುಂಡಿನ ಬೆಲೆಯ ಸುತ್ತಲೇ ಗಿರಕಿ ಹೊಡೆಯುತ್ತಿತ್ತು.

ಆ ಬೇಸಿಗೆ ಬೆಲೆ ಏರಿದಾಗ ಬಂದೂಕಿನಂಗಡಿಯ ಡೆಲ್ಮರ್ ಮೂರು ಬಗೆಯ ಗುಂಡಿನ ಡಬ್ಬಿ ತೆಗೆದು ಅವಳ ಮುಂದಿಟ್ಟ.

"ತಾಮ್ರದ ಅಂಗಿ ತೊಟ್ಟಿರೋದು ಬೇಕಾ, ತಾಮ್ರದ ನೀರು ಕುಡಿಸಿರೋದು ಬೇಕಾ, ಬಣ್ಣ ಬಳಿದ ಸೀಸ ಬೇಕಾ, ಆರ್ವಿಲಕ್ಕಾ?"

"ತಟ್ಟೆಗೆ ಹೊಡೆದು ಚೂರಾಗೋದಕ್ಕೆ ಅಂಗಿ ಯಾಕಪ್ಪಾ? ಮದುವೆಗೆ ಕಳಿಸ್ತಿದೀನಾ?"

"ಹಾಗಾದ್ರೆ ಬಣ್ಣದ್ದು ತಗೊಳ್ಳಿ. ಬೆಲೆ ಪರವಾಗಿಲ್ಲ, ತೂಕ ಎಲ್ಲಾ ಒಂದೇ ಸಮ. ತುಂಬಿ ಮುಚ್ಚಿದ ಮೇಲೆ ಅನುಮಾನ ಬಂತು ಅಂದ್ಕೊಳ್ಳಿ, ಒಳಗೆ ಮದ್ದು ಇದೆಯೋ ಇಲ್ವೋ, ತಕ್ಕಡಿಗೆ ಹಾಕಿದ್ರೆ ಒಂದಷ್ಟಾದ್ರೂ ಸುಳಿವು ಸಿಗತ್ತೆ."

"ನಂಗೆ ಅನುಮಾನ ಬರಲ್ಲ ಡೆಲ್ಮರ್. ಮದ್ದು ಹಾಕಿದ ಮೇಲೆ ಪ್ರತಿಯೊಂದಕ್ಕೂ ಟಾರ್ಚ್ ಬಿಟ್ಟು ಕಣ್ಣಾರೆ ನೋಡಿಯೇ ಗುಂಡು ಕೂರಿಸೋದು."

"ಆಯ್ತು ಬಿಡಿ. ಕೊಳ್ಳೋದಿಲ್ಲ ಅನ್ನೋದನ್ನ ಎಷ್ಟು ಚೆನ್ನಾಗಿ ಹೇಳ್ತೀರಿ!"

ಕೊಳ್ಳಲೂ ಇಲ್ಲ. ಮುಂದಿನ ವಾರ ತೀರಿಕೊಂಡ ರೈತನೊಬ್ಬನ ಮನೆಯ ಸಾಮಾನು ಮಾರುತ್ತಿದ್ದಲ್ಲಿ, ಆ ಮನುಷ್ಯ ಕೈಯಾರೆ ಎರಕ ಹೊಯ್ದಿದ್ದ ಸೀಸದ ಗುಂಡುಗಳು ಒಂದು ಬಕೆಟ್ ತುಂಬ ಸಿಕ್ಕವು. ಹೆಚ್ಚುಕಡಿಮೆ ಬಕೆಟ್ಟಿನ ಬೆಲೆಗೇ ಬಂದವು. ಅಳತೆ ಸರಿಯಾಗಿತ್ತು, ತೂಕ ಮಾತ್ರ ಮನಸೋ ಇಚ್ಛೆ. ಒಂದು ಹೊಟ್ಟೆತುಂಬ ಉಂಡದ್ದು, ಒಂದು ಉಪವಾಸವಿದ್ದದ್ದು. ಅಗ್ಗದ ಆಸೆಗೆ ಹೋಗಿ ಗೊಬ್ಬರದ ಅಕ್ಕಿ ತಂದರು ಎನ್ನುತ್ತಾರಲ್ಲ, ಹಾಗೆ. ಆದರೆ ಆ ಅಕ್ಕಿಯಲ್ಲೂ ಮೊದಮೊದಲು ಅನ್ನ ಚೆನ್ನಾಗಿಯೇ ಆಯಿತು. ತಟ್ಟೆಗಳು ಠಣ್ ಠಣ್ ಎಂದು ಬಿದ್ದವು. ಆರ್ವಿಲಾ ಡೆಲ್ಮರನ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಸುಮ್ಮನೆ ಒಮ್ಮೆ ಕೈಬೀಸುತ್ತಿದ್ದಳು.

ತೋಟಾ ತುಂಬುವವರಲ್ಲಿ ಒಂದು ಕಟ್ಟಳೆಯಿದೆ. ನಾನು ತುಂಬಿದ್ದನ್ನು ನೀನು ಹಾರಿಸಬೇಡ, ನೀನು ತುಂಬಿದ್ದನ್ನು ನಾನು ಮುಟ್ಟುವುದಿಲ್ಲ. ಅವರು ಹಲ್ಲುಜ್ಜುವ ಬ್ರಷ್ ಬೇಕಾದರೆ ಹಂಚಿಕೊಂಡಾರು, ತುಂಬಿದ ತೋಟಾ ಹಂಚಿಕೊಳ್ಳುವುದಿಲ್ಲ. ತಪ್ಪಾದರೆ ತನ್ನ ಕೈ ಹೋಗಲಿ, ಇನ್ನೊಬ್ಬರದು ಬೇಡ ಎಂಬುದು ಅದರ ಅರ್ಥ. ಕ್ಲಬ್ಬಿಗೆ ಬಂದ ಹೊಸಬರನ್ನು ನಿಲ್ಲಿಸಿಕೊಂಡು, ಬೆರಳೆತ್ತಿ, ಈ ಕಟ್ಟಳೆಯನ್ನು ಬೋಧಿಸುತ್ತಿದ್ದವಳು ಬೇರೆ ಯಾರೂ ಅಲ್ಲ, ಆರ್ವಿಲಾಳೇ.

ಆ ಗುರುವಾರ ಅವಳು ನೆಲಮಾಳಿಗೆಯಲ್ಲಿ ಐವತ್ತು ತೋಟಾಗಳನ್ನು ಬಾಯಿ ಮೇಲಾಗಿ ನಿಲ್ಲಿಸಿದ ಮರದ ಹಲಗೆ ಮುಂದಿಟ್ಟುಕೊಂಡು ಮದ್ದು ಸುರಿಯುತ್ತಿದ್ದಾಗ ಬಟ್ಟೆ ಒಗೆಯುವ ಯಂತ್ರದ ಪಕ್ಕದ ಫೋನು ಬಡಿದುಕೊಂಡಿತು. ಸಿಗ್ನಿ. ಅಮ್ಮನ ಮಣ್ಣಿನ ದಿನ ಚರ್ಚಿನಲ್ಲಿ ಉಳಿದ ಹಂದಿಮಾಂಸದ ಬನ್ನುಗಳನ್ನೆಲ್ಲ ಆರ್ವಿಲಾ ಚೀಲಕ್ಕೆ ತುಂಬಿಕೊಂಡದ್ದಕ್ಕೆ ಸಿಗ್ನಿ ನಾಲ್ಕು ಜನರ ಎದುರೇ ಆಡಿಕೊಂಡಿದ್ದಳು. ಇಬ್ಬರೂ ಅದೇ ಕ್ಲಬ್ಬಿನಲ್ಲಿ ಗುರಿ ಹೊಡೆಯುವವರಾದರೂ ಅಂದಿನಿಂದ ಮಾತಿರಲಿಲ್ಲ.

"ಅಕ್ಕ, ಡೆಲ್ಮರ್ ಹತ್ರ ತೋಟಾ ಖಾಲಿಯಂತೆ. ಪಂದ್ಯ ಹತ್ರ ಬಂತು. ನಿಂದು ಒಂದು ಡಬ್ಬಿ ಕೊಡು."

"ಕೊಡಬಾರದು ಕಣೇ. ಕಟ್ಟಳೆ ಗೊತ್ತಲ್ಲ."

"ಕಟ್ಟಳೆನೋ, ಕೈ ಬರಲ್ವೋ? ಇಷ್ಟು ದಿನ ಆದ್ಮೇಲೆ ನಾನೇ ಸೋತು ಫೋನ್ ಮಾಡಿದೀನಿ. ಒಂದು ಡಬ್ಬಿ ಸೀಸಕ್ಕೂ ಲೆಕ್ಕಾನಾ?"

ಆರ್ವಿಲಾಳಿಗೆ ಮುಖಕ್ಕೆ ಹೊಡೆದಂತಾಯಿತು. ಜುಗ್ಗಿ ಎನ್ನಿಸಿಕೊಳ್ಳುವುದಕ್ಕಿಂತ ಕಟ್ಟಳೆ ಮುರಿದವಳು ಎನ್ನಿಸಿಕೊಳ್ಳುವುದು ಆ ಗಳಿಗೆಯಲ್ಲಿ ವಾಸಿ ಎನಿಸಿತು. "ನಾಳೆ ಬಂದು ತಗೊಂಡ್ ಹೋಗು," ಎಂದುಬಿಟ್ಟಳು. ಫೋನಿಟ್ಟಳು. ಹಾಗೇ ಬಂದು ಕೂತು ಉಳಿದವಕ್ಕೆ ಮದ್ದು ಸುರಿದಳು, ಗುಂಡು ಕೂರಿಸಿದಳು, ಡಬ್ಬಿಗೆ ಜೋಡಿಸಿದಳು. ಮಾರನೆಯ ಸಂಜೆ ಸಿಗ್ನಿ ಬಂದು ಡಬ್ಬಿ ತೆಗೆದುಕೊಂಡಳು. ಹೋಗುವಾಗ ಅಕ್ಕನ ಭುಜ ಹಿಂಡಿದಳು. ಆ ರಾತ್ರಿ ಆರ್ವಿಲಾ ಹೊಸ ಕಾಫಿಪುಡಿ ಹಾಕಿ ಕಾಫಿ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಮುಂದಿನ ಹಲಗೆಗೆ ಮದ್ದು ಸುರಿದು, ಒಳಗೆ ನೋಡಲು ಟಾರ್ಚಿಗೆ ಕೈಚಾಚಿದರೆ ಅದು ತನ್ನ ಜಾಗದಲ್ಲಿರಲಿಲ್ಲ. ಹುಡುಕುತ್ತ ತಿರುಗಿದಳು. ಟಾರ್ಚು ಬಟ್ಟೆಯ ಯಂತ್ರದ ಮೇಲೆ, ಫೋನಿನ ಪಕ್ಕ, ಮಲಗಿತ್ತು.

ಗುರುವಾರ ಫೋನೆತ್ತುವಾಗ ಟಾರ್ಚು ಕೈಯಲ್ಲಿತ್ತು. ಅಲ್ಲಿಟ್ಟದ್ದು ಅಲ್ಲೇ ಇದೆ ಎಂದರೆ, ವಾಪಸು ಬಂದು ಕೂತ ಮೇಲೆ ಒಂದು ತೋಟಾದೊಳಗೂ ನೋಡಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆ, ಎಲ್ಲಿಂದ ಶುರು ಮಾಡಿದೆ? ಒಂದಕ್ಕೆ ಎರಡು ಸಲ ಮದ್ದು ಬಿದ್ದಿದ್ದರೆ ಪಿಸ್ತೂಲು ಸಿಡಿಯುತ್ತದೆ. ಒಂದಕ್ಕೆ ಬೀಳದೇ ಹೋಗಿದ್ದರೆ ತೋಟಾದ ತಳದ ಕಿಡಿ ಗುಂಡನ್ನು ಅರ್ಧ ದೂರ ಮಾತ್ರ ತಳ್ಳಿ, ಅದು ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಬೆನ್ನಿಗೆ ಇನ್ನೊಂದು ಹೊಡೆದರೆ ಆಗಲೂ ಸಿಡಿಯುತ್ತದೆ. ಸಿಗ್ನಿಯ ಆ ಬೆರಳುಗಳು! ಊರಿನ ಅರ್ಧ ಹೆಂಗಸರ ತಲೆ ಆ ಬೆರಳುಗಳನ್ನು ನಂಬಿ ಬಗ್ಗುತ್ತದೆ. ಅವಳ ಅನ್ನವೇ ಅದು.

ಫೋನು ಮಾಡಿದಳು. ಎತ್ತಲಿಲ್ಲ. ಅಂಗಡಿಗೆ ಮಾಡಿದಳು. ಅಲ್ಲಿ ಕೆಲಸದಾಕೆ, "ಅವರು ಬೆಳಿಗ್ಗೇನೇ ಮೈದಾನಕ್ಕೆ ಹೋದ್ರಲ್ಲ," ಎಂದಳು. ಮೈದಾನದಲ್ಲಿ ಫೋನು ಸಿಗುವುದಿಲ್ಲ. ಡೆಲ್ಮರನಿಗೆ ಮಾಡಿ ನಡೆದದ್ದೆಲ್ಲ ಹೇಳಿದಳು.

"ತೋಟಾ ತೂಗಿ ನೋಡಿದ್ರೆ ಗೊತ್ತಾಗತ್ತಲ್ವಾ ಅಕ್ಕಾ?"

"ಡಬ್ಬಿ ಅವಳ ಹತ್ರಾನೇ ಇದೆ. ಇಲ್ಲಿದ್ರೂ ಅಷ್ಟೇ, ಬಕೆಟ್ಟಿನ ಗುಂಡು ಕಣೋ! ಮದ್ದಿನ ತೂಕಕ್ಕಿಂತ ಗುಂಡಿಂದ ಗುಂಡಿಗೆ ವ್ಯತ್ಯಾಸ ಜಾಸ್ತಿ. ಏನಂತ ತೂಗಲಿ?"

"ಹೊರಡಿ," ಎಂದ.

ಹೊರಟಳು. ಪಿಕಪ್ಪು ಜಲ್ಲಿರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತ ಓಡಿತು. ಧಾನ್ಯದ ಗೋದಾಮಿನ ಹತ್ತಿರ ರೈಲುಗೇಟಿನ ಕೆಂಪು ದೀಪ ಬಿತ್ತು. ಗೋಧಿ ಹೊತ್ತ ಗೂಡ್ಸು ರೈಲು ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಚರ್ಚಿನಲ್ಲೂ ಬಾಯಿಬಿಟ್ಟು ಪ್ರಾರ್ಥಿಸದ ಆರ್ವಿಲಾ ಅಂದು ಸ್ಟೀರಿಂಗ್ ಚಕ್ರ ಹಿಡಿದು ಬಾಯಿಬಿಟ್ಟು ಪ್ರಾರ್ಥಿಸಿದಳು. ನನ್ನ ಕೈ ತಗೋ, ನಂಗೆ ವಯಸ್ಸಾಯ್ತು, ಅವಳದ್ದು ಬಿಡು. ರೈಲು ಹೋಗುವಷ್ಟು ಹೊತ್ತು ಹೋಯಿತು.

ಮೈದಾನ ತಲುಪಿದಾಗ ಪಿಕಪ್ಪಿನ ಬಾಗಿಲು ಮುಚ್ಚಲಿಲ್ಲ, ಕಿವಿಗವಸು ಹಾಕಿಕೊಳ್ಳಲೂ ಇಲ್ಲ. ನಾಲ್ಕಾರು ಜನರಿದ್ದರು. ಹೊಡೆಯುತ್ತಿದ್ದವಳು ಸಿಗ್ನಿ ಒಬ್ಬಳೇ, ಆ ತುದಿಯಲ್ಲಿ, ಬೆನ್ನು ಮಾಡಿ ನಿಂತಿದ್ದಳು. ಢಂ, ತಟ್ಟೆ ಠಣ್. ಢಂ, ತಟ್ಟೆ ಠಣ್. ಆರ್ವಿಲಾ ಅತ್ತ ಓಡಿದಳು. "ಸಿಗ್ನೀ!" ಎಂದು ಕಿರುಚಿದಳು. ಗಾಳಿ ಆ ಕೂಗನ್ನು ಹಿಂದಕ್ಕೇ ಎಸೆಯಿತು.

ಆಮೇಲೆ ಕೇಳಿಸಿತು, ಒದ್ದೆ ಪಟಾಕಿಯ ಹಾಗೆ, ಠುಸ್.

ಎಲ್ಲರ ಕಿವಿ ಗವಸಿನೊಳಗಿತ್ತು, ಯಾರೂ ತಿರುಗಲಿಲ್ಲ. ಬರಿಗಿವಿಯಲ್ಲಿದ್ದವಳು ಆರ್ವಿಲಾ ಒಬ್ಬಳೇ. ಪಿಸ್ತೂಲು ಮುಷ್ಕರ ಹೂಡಿದರೆ ಪಂದ್ಯದವರು ಯೋಚಿಸುವುದಿಲ್ಲ. ಅಂಗೈಯಲ್ಲಿ ಹಿಡಿಯ ತಳಕ್ಕೆ ಒಂದು ಗುದ್ದು, ಮೇಲಿನ ಭಾಗ ಹಿಂದಕ್ಕೆಳೆದು ಬಿಡು, ಹೊಡಿ. ನೂರಾರು ಸಲ ಮಾಡಿ ಮಾಡಿ ಕೈಗೆ ಕೂತುಬಿಟ್ಟಿರುತ್ತದೆ. ಸಿಗ್ನಿ ತಳಕ್ಕೆ ಗುದ್ದಿದಳು, ಎಳೆದಳು. ಖಾಲಿ ಹಿತ್ತಾಳೆ ಅರ್ಧ ಸಿಕ್ಕಿಕೊಂಡಿತು. ಕೊಡವಿ ಇನ್ನೊಮ್ಮೆ ಎಳೆದಳು.

ಶೆಡ್ಡಿನ ಕಂಬಕ್ಕೆ ಹಳೆಯ ಶಾಲೆಯ ಗಂಟೆಯೊಂದು ನೇತಾಡುತ್ತದೆ. ಅದನ್ನು ಯಾರು ಬೇಕಾದರೂ ಹೊಡೆಯಬಹುದು. ಹೊಡೆದರೆ ಎಲ್ಲರೂ ಬೆರಳು ತೆಗೆದು ಪಿಸ್ತೂಲು ಕೆಳಗಿಡಲೇಬೇಕು, ಪ್ರಶ್ನೆ ಏನಿದ್ದರೂ ಆಮೇಲೆ. ಆರ್ವಿಲಾ ಹಗ್ಗಕ್ಕೆ ಮೈಭಾರವೆಲ್ಲ ಬಿಟ್ಟು ಜೋತುಬಿದ್ದಳು.

ಪಿಸ್ತೂಲು ಮೇಲೆದ್ದಿತ್ತು. ನಿಂತಿತು. ಸಿಗ್ನಿ ಅದನ್ನು ಮೇಜಿನ ಮೇಲಿಟ್ಟು, ಗವಸು ಕಿತ್ತು, ಉರಿಮುಖದಲ್ಲಿ ತಿರುಗಿದಳು.

"ಯಾರದು ಗಂಟೆ ಹೊಡೆದಿದ್ದು? ಅಕ್ಕಾ? ನಿಂಗೇನಾಯ್ತೇ?"

ಆರ್ವಿಲಾ ಪಿಸ್ತೂಲಿನ ಕಡೆ ಕೈತೋರಿಸಿದಳು. ಮೈದಾನ ನೋಡಿಕೊಳ್ಳುವ ಮುದುಕ ಹಾಲ್ವರ್ ಬಂದು ತೋಟಾ ಎಲ್ಲ ತೆಗೆದು, ತೆಳ್ಳನೆಯ ಕೋಲೊಂದನ್ನು ನಳಿಕೆಯ ಬಾಯಿಂದ ಇಳಿಬಿಟ್ಟ. ಕೋಲು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಒತ್ತಿದ. ಅಲ್ಲೇ ನಿಂತಿತು.

"ಗುಂಡು ಒಳಗೇ ಕೂತಿದೆ," ಎಂದ. "ಇದರ ಹಿಂದೆ ಇನ್ನೊಂದು ಹೋಗಿದ್ರೆ..." ಸಿಗ್ನಿಯ ಕೈ ನೋಡಿ ಮಾತು ನುಂಗಿಕೊಂಡ. "ಎಲ್ಲಿಯ ತೋಟಾಮ್ಮಾ ಇವು?"

ಸಿಗ್ನಿ ಅಕ್ಕನ ಮುಖ ನೋಡಿದಳು. ಅವಳ ಧ್ವನಿ ಗಟ್ಟಿಯಾಗಿಯೇ ಬಂತು.

"ಅಂಗಡೀವು, ಹಾಲ್ವರಣ್ಣ."

ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಕೆದಕುತ್ತಿರಲಿಲ್ಲ. ಆರ್ವಿಲಾ ಅಷ್ಟು ವರ್ಷ ಬೆರಳೆತ್ತಿ ಸಂಪಾದಿಸಿದ ಮಾನ ಹಾಗೇ ಉಳಿಯುತ್ತಿತ್ತು.

"ಅಲ್ಲ," ಎಂದಳು ಆರ್ವಿಲಾ. "ನಂದು. ನಾನೇ ತುಂಬಿದ್ದು, ನೋಡದೆ ಮುಚ್ಚಿದ್ದು, ನಾನೇ ಕೈಯಾರೆ ಕೊಟ್ಟಿದ್ದು. ಜುಗ್ಗಿ ಅಂತಾಳಲ್ಲ ಅಂತ ಕೊಟ್ಟೆ."

ಹಾಲ್ವರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬುಧವಾರ ಹೊಸಬರು ಬರ್ತಾರೆ. ಪಾಠ ನೀನೇ ಹೇಳು. ಇದನ್ನೂ ಸೇರಿಸಿ ಹೇಳು," ಎಂದು ಹೊರಟುಹೋದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆರ್ವಿಲಾ ಆ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಮನೆಗೆ ತಂದು ಬಿಚ್ಚಿ ಹಾಕಿದಳು. ಬಕೆಟ್ಟನ್ನು ಎಸೆದಳೇ ಎಂದರೆ, ಇಲ್ಲ. ಅವಳು ಆರ್ವಿಲಾ. ಒಂದೊಂದೇ ಗುಂಡು ತೂಗಿ ಬೇರೆ ಬೇರೆ ಡಬ್ಬಿಗೆ ಹಾಕುತ್ತ ಚಳಿಗಾಲವೆಲ್ಲ ಕಳೆದಳು. ಟಾರ್ಚಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಬುಧವಾರದ ಪಾಠ ಈಗ ಮೊದಲಿಗಿಂತ ಉದ್ದವಾಗಿದೆ. ಬೆರಳು ಮಾತ್ರ ಎತ್ತುವುದಿಲ್ಲ.

ಆ ಶನಿವಾರವೇ ಇಬ್ಬರೂ ಮೈದಾನದಿಂದ ನೇರ ಸಿಗ್ನಿಯ ಅಂಗಡಿಗೆ ಹೋದರು. ಸಿಗ್ನಿ ಕುರ್ಚಿ ತಿರುಗಿಸಿದಳು. ಆರ್ವಿಲಾ ಕೂತಳು. ಎಷ್ಟಾಗುತ್ತದೆ ಎಂದು ಕೇಳಲಿಲ್ಲ.

"ಈ ಸೊಟ್ಟ ನೋಡಿ ನೋಡಿ ನಂಗೆ ಸಾಕಾಗಿತ್ತು," ಎಂದು ಸಿಗ್ನಿ ಹಣೆಯ ಕೂದಲನ್ನು ಬೆರಳಲ್ಲಿ ಹಿಡಿದೆತ್ತಿದಳು. ಕತ್ತರಿ ಆಡಿಸತೊಡಗಿದಳು. "ಕಣ್ಣು ಮುಚ್ಕೋ ಅಕ್ಕ, ಕೂದಲು ಬೀಳತ್ತೆ."

ಆರ್ವಿಲಾ ಮುಚ್ಚಲಿಲ್ಲ. ಕನ್ನಡಿಯಲ್ಲಿ ತಂಗಿಯ ಹತ್ತೂ ಬೆರಳು ಓಡಾಡುತ್ತಿದ್ದವು. ಕೂದಲು ಕಣ್ಣಿಗೆ ಬಿದ್ದು ನೀರು ಬರುತ್ತಿದ್ದರೂ ಅವಳು ನೋಡುತ್ತಲೇ ಇದ್ದಳು.