ಮೂರು ಸಾವಿರದ ಇನ್ನೂರು ಸಿಸಿ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಗ ನಾನು ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ನರ್ಸಿಂಗ್ ಹೋಮ್‌ಗಳಿಗೆ ಹೋಗಿ, ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ವೈದ್ಯೆಯಾಗಿದ್ದೆ. ಜನ ನನ್ನನ್ನು ‘ಮಂಪರು ಕೊಡೋ ಡಾಕ್ಟ್ರು’ ಅನ್ನುತ್ತಿದ್ದರು. ಹೊಟ್ಟೆ ಕೊಯ್ದವರ ಹೆಸರು ರೋಗಿಗೆ ಸಾಯುವವರೆಗೂ ನೆನಪಿರುತ್ತದೆ. ಮಲಗಿಸಿ ಎಬ್ಬಿಸಿದವರ ಮುಖ ಬೀದಿಯಲ್ಲಿ ಎದುರಾದರೂ ಗುರುತು ಸಿಗುವುದಿಲ್ಲ. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಬೇಸರಪಟ್ಟುಕೊಳ್ಳುವಷ್ಟು ಪುರುಸೊತ್ತೇ ಇರಲಿಲ್ಲ. ಶಿವಮೊಗ್ಗದಲ್ಲಿ ಒಂದು ಹರ್ನಿಯಾ ಮುಗಿಯುವ ಮೊದಲೇ ಭದ್ರಾವತಿಯಿಂದ ಫೋನು: “ಮೇಡಂ, ಸಿಸೇರಿಯನ್ ಇದೆ, ಬೇಗ ಬನ್ನಿ.” ಅಲ್ಲಿಂದ ವಾಪಸು ಬಂದು ಅನ್ನ ಕಲಸುವಷ್ಟರಲ್ಲಿ ಮತ್ತೆ ಫೋನು.

ನನ್ನ ಹತ್ತಿರ ಎಂಟುನೂರು ಸಿಸಿಯ ಪುಟ್ಟ ಕಾರಿತ್ತು. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಂದು ಎರಡೂ ಊರುಗಳ ನಡುವಿನ ಆ ರಸ್ತೆಯ ಒಂದೊಂದು ಗುಂಡಿಯೂ ಸೀಟಿನ ಮೂಲಕ ನೇರವಾಗಿ ಬೆನ್ನುಹುರಿಗೆ ವರದಿ ಒಪ್ಪಿಸುತ್ತಿತ್ತು. ನಲವತ್ತೈದು ತುಂಬುವ ಹೊತ್ತಿಗೆ ಸೊಂಟದ ಡಿಸ್ಕ್ ಜಾರಿತು. ಸ್ಕ್ಯಾನ್ ನೋಡಿದ ಮೂಳೆ ಡಾಕ್ಟರು, “ಸೀಟ್ ಬದಲಾಯಿಸಿ, ಇಲ್ಲಾ ಊರು ಬದಲಾಯಿಸಿ. ಎರಡೂ ಊರು ಇಟ್ಕೊಂಡು ಈ ಸೀಟ್ ಇಟ್ಕೊಳೋಕೆ ಆಗಲ್ಲ” ಎಂದರು.

ದೊಡ್ಡ ಕಾರಿನ ಆಸೆ ಹುಟ್ಟಿದ್ದು ಆಗಲೇ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಐಷಾರಾಮಿ ಕಾರು ಹಳತಾದರೂ ಅದರ ಸೀಟು, ಸ್ಪ್ರಿಂಗು ಹಳತಾಗಲು ಬಹಳ ಕಾಲ ಬೇಕು ಎಂದು ಯಾರೋ ಹೇಳಿದ್ದರು. ಅಷ್ಟು ಸಾಕಾಯಿತು. ನನ್ನ ಗಂಡ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಮೇಷ್ಟರು, ಬಸ್ಸಿನಲ್ಲಿ ಓಡಾಡುವವರು, ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ. “ನೀನು ತಗೋಳೋದು ಕಾರೋ ಹಾಸಿಗೆಯೋ?” ಎಂದು ಕೇಳಿದರು. ಹಾಸಿಗೆಯೇ ಎಂದೆ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಬಳಿ ಅಂಥ ಒಂದು ಕಾರು ಮಾರಾಟಕ್ಕಿದೆ ಎಂದು ತಿಳಿಯಿತು. ಒಂದು ಭಾನುವಾರ ಇಬ್ಬರೂ ಹೋದೆವು. ವಿದೇಶದ ಕಂಪನಿಯ ಉದ್ದನೆಯ ಬೂದು ಬಣ್ಣದ ಕಾರು. ಓಣಿಯ ಅರ್ಧವನ್ನೂ ಅದೇ ಹಿಡಿದುಕೊಂಡಿತ್ತು. ವ್ಯಾಪಾರಿ ನನ್ನ ಗಂಡನ ಕೈಗೆ ಕೀ ಕೊಟ್ಟರು.

“ಓಡಿಸೋದು ಅವಳು” ಎಂದರು ಇವರು.

“ಓ, ಮೇಡಮ್ಮಾ? ಸಂತೋಷ” ಎಂದ ವ್ಯಾಪಾರಿ, ಆಮೇಲೂ ಎಲ್ಲವನ್ನೂ ಇವರಿಗೇ ವಿವರಿಸಿದರು. “ನೋಡಿ ಸಾರ್, ಎರಡು ಸಾವಿರ ಸಿಸಿ. ಈ ಮಾಡಲ್‌ನಲ್ಲಿ ಇದೇ ಚಿಕ್ಕ ಎಂಜಿನ್. ಫ್ಯಾಮಿಲಿಗೆ ಬೇಕಾದಷ್ಟಾಯ್ತು. ಕ್ಲಚ್ ಇಲ್ಲ, ಗೇರು ತಾನೇ ಬೀಳುತ್ತೆ.” ಇವರು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದರು. ಸಿಸಿ ಎಂದರೇನೆಂದು ಅವರು ನನ್ನನ್ನು ಕೇಳಿದ್ದು ಮನೆಗೆ ಬಂದ ಮೇಲೆ.

ಮೂವರೂ ಕೂತು ಹೊಳೆ ದಾಟಿ ಸ್ವಲ್ಪ ದೂರ ಹೋದೆವು. ಸೀಟು ಬೆನ್ನನ್ನು ಹಿಡಿದುಕೊಂಡ ರೀತಿಗೆ ನನಗೆ ಅಲ್ಲೇ ಕಣ್ಣು ಮುಚ್ಚುವಂತಾಯಿತು. ಆದರೆ ಏಸಿ ಹಾಕಿದೊಡನೆ ಎಂಜಿನ್ ಒಮ್ಮೆ ತಗ್ಗಿ, ಮತ್ತೆ ಸಾವರಿಸಿಕೊಂಡಿತು. ಲಾರಿಯೊಂದನ್ನು ಹಿಂದೆ ಹಾಕಲು ಕಾಲು ಒತ್ತಿದರೆ ಗೇರು ಕೆಳಕ್ಕೆ ಜಾರಿ, ಮೂತಿಯೊಳಗೆ ದೊಡ್ಡ ಗಲಾಟೆಯೆದ್ದು, ಆಮೇಲೆ ನಿಧಾನವಾಗಿ ವೇಗ ಬಂತು. ಅಷ್ಟು ಭಾರದ ಮೈಯನ್ನು ಅಷ್ಟು ಸಣ್ಣ ಎಂಜಿನ್ ಎಳೆಯುತ್ತಿತ್ತು. ತಪ್ಪೇನೂ ಇರಲಿಲ್ಲ, ಎಳೆಯುತ್ತಿದ್ದದ್ದು ಗೊತ್ತಾಗುತ್ತಿತ್ತು, ಅಷ್ಟೇ. ದಿನವಿಡೀ ರೋಗಿಗಳ ಉಸಿರು ಕೇಳುವುದೇ ನನ್ನ ಕೆಲಸ. ಏದುಸಿರು ಎಲ್ಲಿದ್ದರೂ ಕಿವಿ ಅಲ್ಲಿಗೇ ಹೋಗಿಬಿಡುತ್ತದೆ.

ನಾನು ಕೀ ವಾಪಸು ಕೊಡುವಾಗ ವ್ಯಾಪಾರಿ ತಾವಾಗಿಯೇ ಹೇಳಿದರು: “ಇದೇ ಗಾಡಿ ದೊಡ್ಡ ಎಂಜಿನ್‌ದು ಒಂದು ಭದ್ರಾವತಿ ಓಲ್ಡ್ ಟೌನ್‌ನಲ್ಲಿದೆ ಸಾರ್. ಮೂರು ಸಾವಿರದ ಇನ್ನೂರು ಸಿಸಿ, ಆರು ಸಿಲಿಂಡರ್. ಯಾರಾದ್ರೂ ತೋರಿಸಿದ್ರೆ ತಗೋಬೇಡಿ ಮಾತ್ರ. ಪೆಟ್ರೋಲ್ ಕುಡಿಯೋದಲ್ಲ ಅದು, ಸ್ನಾನ ಮಾಡುತ್ತೆ.”

ಬೇಡ ಎಂದದ್ದನ್ನು ನೋಡದೆ ಇರುವುದು ಹೇಗೆ? ಮುಂದಿನ ಶನಿವಾರ ಭದ್ರಾವತಿಯ ಕೇಸು ಮುಗಿಸಿ, ಕೇಳಿಕೊಂಡು ಓಲ್ಡ್ ಟೌನ್‌ನ ಆ ಮನೆಗೆ ಹೋದೆ. ಅಂದು ಅರ್ಧ ದಿನ ರಜೆಯಿದ್ದ ನನ್ನ ಗಂಡನೂ ಬಸ್ಸಿಳಿದು ಅಲ್ಲಿಗೇ ಬಂದಿದ್ದರು. ಬಾಗಿಲು ತೆರೆದವರು ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಹಣೆಯಲ್ಲಿ ವಿಭೂತಿ, ಕತ್ತಿನಲ್ಲಿ ಲಿಂಗದ ಕರಡಿಗೆ. ಕಾರ್ಖಾನೆಗೆ ಸಾಮಾನು ಒದಗಿಸುವ ಕಂಟ್ರಾಕ್ಟರಾಗಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ, ಹಳೆಯ ಜಮಖಾನ ಹೊದ್ದುಕೊಂಡು ನಿಂತಿತ್ತು. ಪರಿಚಯದ ಡ್ರೈವರ್ ಒಬ್ಬ ವಾರಕ್ಕೊಮ್ಮೆ ಬಂದು ಸ್ಟಾರ್ಟ್ ಮಾಡಿ, ಬೀದಿ ಸುತ್ತಿಸಿ ನಿಲ್ಲಿಸುತ್ತಿದ್ದ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದವರು, “ಡಾಕ್ಟ್ರಮ್ಮ, ನೀವೇ ಅಲ್ವಾ ನಮ್ ಯಜಮಾನ್ರಿಗೆ ಮಂಪರು ಕೊಟ್ಟಿದ್ದು?” ಎಂದರು.

ನನಗೆ ನೆನಪಿರಲಿಲ್ಲ. ಹಾಗೆಂದು ಹೇಳಿದೆ.

“ಎಷ್ಟು ಜನಾಂತ ನೆನಪಿಟ್ಕೋತೀರಿ, ಬಿಡಿ. ಹೊಟ್ಟೆ ಆಪರೇಷನ್ ಆಯ್ತು, ಚೆನ್ನಾಗೇ ಎದ್ರು. ಆಮೇಲೂ ಒಂದು ವರ್ಷ ಇದ್ರು. ನೀವು ಸೂಜಿ ಚುಚ್ತಾ ‘ಏನು ಗಾಡಿ ಓಡಿಸ್ತೀರಿ?’ ಅಂತ ಕೇಳಿದ್ರಂತೆ. ‘ಮೂರು ಸಾವಿರದ ಇನ್ನೂರು ಸಿಸಿ ಅಂತ ಹೇಳೋಕೆ ಹೋದೆ ಕಣೆ, ಮೂರು ಸಾವಿರ ಅನ್ನೋಷ್ಟರಲ್ಲಿ ನಿದ್ದೆ ಬಂತು’ ಅಂತ ಬಂದವರಿಗೆಲ್ಲ ಹೇಳಿ ನಗಿಸ್ತಿದ್ರು.”

ಸೂಜಿಯ ಕಡೆ ಗಮನ ಹೋಗದಿರಲಿ ಎಂದು ನಾನು ಎಲ್ಲರನ್ನೂ ಏನಾದರೊಂದು ಕೇಳುತ್ತೇನೆ. ಉತ್ತರ ಪೂರ್ತಿಯಾಗುವುದು ಅಪರೂಪ. ಅರ್ಧಕ್ಕೇ ನಿಂತ ಒಂದು ಉತ್ತರವನ್ನು ಯಾರೋ ಮನೆಯಲ್ಲಿ ಇಷ್ಟು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ ಎಂದು ನಾನು ಎಂದೂ ಯೋಚಿಸಿರಲಿಲ್ಲ.

“ಓಡಿಸಿ ನೋಡ್ತೀರಾ? ನಾನೂ ಬರ್ತೀನಿ” ಎಂದರು ಆಕೆ. ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದರು. ಮುಂದೆ ಕೂರಿ ಎಂದೆ. “ಮುಂದೆ ಕೂತೇ ಇಲ್ಲ ನಾನು. ಅವರು ಓಡಿಸೋವಾಗ ಪಕ್ಕದಲ್ಲಿ ಯಾವಾಗ್ಲೂ ಯಾರಾದ್ರೂ ಸಾಹೇಬ್ರು ಇರ್ತಿದ್ರು” ಎನ್ನುತ್ತಾ ಮುಂದೆಯೇ ಕೂತರು. ನನ್ನ ಗಂಡ ಹಿಂದೆ ಕೂತರು. ಶಂಕರಘಟ್ಟದ ರಸ್ತೆ ಹಿಡಿದೆ.

ಎಂಜಿನ್ ಶುರುವಾದದ್ದು ನನಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಕೀ ತಿರುಗಿಸಲು ಹೋದಾಗ ಆಕೆ ನನ್ನ ಕೈ ತಡೆದರು: “ಆಗಿದೆ, ಆಗಿದೆ.” ಊರು ದಾಟಿ ರಸ್ತೆ ಸ್ವಲ್ಪ ಏರಿದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಅಡ್ಡವಾಯಿತು. ಬೆರಳಲ್ಲಿ ಮುಟ್ಟಿದಷ್ಟು ಕಾಲು ಒತ್ತಿದೆ. ಗೇರು ಅಲುಗಲಿಲ್ಲ, ಸದ್ದು ಏರಲಿಲ್ಲ. ಟ್ರ್ಯಾಕ್ಟರ್ ಹಿಂದೆ ಉಳಿಯಿತು. ಏಸಿ ಮೊದಲಿಂದಲೂ ಓಡುತ್ತಿತ್ತೆಂದು ತಿಳಿದದ್ದು ಕೈ ತಣ್ಣಗಾದಾಗ.

“ಚಿಕ್ಕ ಎಂಜಿನ್‌ದೇ ತಗೊಳಿ ಅಂತ ಹೇಳಿದ್ದೆ” ಎಂದರು ಆಕೆ, ಮುಂದಿನ ಗಾಜಿನತ್ತ ನೋಡುತ್ತಲೇ. “ಕೇಳಲಿಲ್ಲ. ‘ದೊಡ್ಡದಾದ್ರೆ ಅರ್ಧ ಶಕ್ತಿಯಲ್ಲೇ ಓಡುತ್ತೆ, ಅದಕ್ಕೆ ಸುಸ್ತಾಗಲ್ಲ’ ಅಂದ್ರು. ಅದೇನೋ ನಿಜ, ಇದಕ್ಕೆ ಸುಸ್ತಾಗಲಿಲ್ಲ. ಅವರೇ ಸುಸ್ತಾಗಿಬಿಟ್ರು.”

 ಸ್ವಲ್ಪ ದೂರ ಹೋಗಿ ತಿರುಗಿಸಿಕೊಂಡೆ. ಮನೆ ಮುಂದೆ ನಿಲ್ಲಿಸಿದಾಗ ಆಕೆ ತಕ್ಷಣ ಇಳಿಯಲಿಲ್ಲ. “ಮುಂದಿನಿಂದ ರಸ್ತೆ ಬೇರೆ ಥರಾನೇ ಕಾಣುತ್ತೆ ಅಲ್ವಾ?” ಎಂದರು.

ಶಿವಮೊಗ್ಗಕ್ಕೆ ವಾಪಸು ಬರುವಾಗ ಪುಟ್ಟ ಕಾರಿನಲ್ಲಿ ಇವರ ವಾದ ಶುರುವಾಯಿತು. “ನೋಡು ಮಾರಾಯ್ತಿ, ಇಲ್ಲಿಂದ ಅಲ್ಲಿಗೆ ಎಷ್ಟು ದೂರ? ನಡುವೆ ಎಷ್ಟು ಹಂಪು, ಎಷ್ಟು ಎಮ್ಮೆ? ಮೂರು ಸಾವಿರ ಸಿಸಿ ಇಟ್ಕೊಂಡು ಎಮ್ಮೆ ಹಿಂದೆ ನಿಂತ್ರೂ ಒಂದೇ, ಎಂಟುನೂರು ಇಟ್ಕೊಂಡು ನಿಂತ್ರೂ ಒಂದೇ.”

“ನಿಂತಾಗ ಒಂದೇ. ಹೊರಡುವಾಗ ಒಂದಲ್ಲ” ಎಂದೆ. ಅದಕ್ಕಿಂತ ಹೆಚ್ಚು ವಾದಿಸುವ ಶಕ್ತಿ ಇರಲಿಲ್ಲ. ಆ ವಾರದಲ್ಲೇ ದೊಡ್ಡ ಎಂಜಿನ್ನಿನ ಕಾರು ನಮ್ಮ ಮನೆಗೆ ಬಂತು. ಗೇಟು ಮುಚ್ಚಲಾಗದೆ ತುಳಸಿಕಟ್ಟೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು. ಕೋಟೆಯ ವ್ಯಾಪಾರಿ ದಾರಿಯಲ್ಲಿ ಸಿಕ್ಕಾಗ ಇವರ ಕಡೆ ತಿರುಗಿ, “ಹೇಳಿದ್ನಲ್ಲ ಸಾರ್!” ಎಂದು ತಲೆ ಚಚ್ಚಿಕೊಂಡರು.

ಬೆನ್ನು ನಿಜಕ್ಕೂ ಸುಧಾರಿಸಿತು. ಪೆಟ್ರೋಲ್ ಬಂಕಿನವರಿಗೆ ನಾನು ಹತ್ತಿರದವಳಾದೆ. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಭದ್ರಾವತಿಯ ಸರ್ಜನ್ ಆ ಕಾರನ್ನು ತೆಗೆದುಕೊಂಡ ರೀತಿಯನ್ನು.

ನನ್ನ ಹೆಚ್ಚಿನ ಕೇಸುಗಳು ಅವರ ನರ್ಸಿಂಗ್ ಹೋಮ್‌ನಲ್ಲೇ ಇದ್ದವು. ಕೈ ಶುದ್ಧವಾಗಿದ್ದ ಮನುಷ್ಯ, ಬಾಯಿ ಸ್ವಲ್ಪ ಜೋರು. ಹತ್ತು ವರ್ಷದಿಂದ ಅವರು ಕೊಯ್ದವರನ್ನೆಲ್ಲ ನಾನೇ ಮಲಗಿಸಿದ್ದೆ. ಪೋರ್ಟಿಕೋದಲ್ಲಿ ಅವರ ಕಾರು ನಿಲ್ಲುತ್ತಿತ್ತು. ಹೊಸದೇ, ಹೊಳೆಯುವಂಥದೇ, ಆದರೆ ನನ್ನದರ ಪಕ್ಕ ನಿಂತರೆ ತಮ್ಮನ ಹಾಗೆ ಕಾಣುತ್ತಿತ್ತು. ಮೊದಲ ದಿನ ಅವರು ಹೊರಗೆ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಎಷ್ಟು ಸಿಸಿ ಮೇಡಂ?”

ಹೇಳಿದೆ.

“ಓಹೋ. ನಾವು ಕೊಯ್ಯೋರು, ನೀವು ಮಲಗಿಸೋರು. ಮಲಗಿಸೋದೇ ವಾಸಿ ಅನ್ನಿಸುತ್ತೆ” ಎಂದು ನಕ್ಕರು. ನಾನೂ ನಕ್ಕೆ. ನರ್ಸುಗಳೂ ನಕ್ಕರು.

ಮರುವಾರ ವಾಚ್‌ಮನ್ ಬಂದು ಕೈ ಹೊಸೆಯುತ್ತಾ, ಆಂಬುಲೆನ್ಸಿಗೆ ಜಾಗ ಬೇಕಂತೆ, ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಕಂತೆ ಎಂದ. ನಿಲ್ಲಿಸಿದೆ. ಆ ನರ್ಸಿಂಗ್ ಹೋಮ್‌ಗೆ ಆಂಬುಲೆನ್ಸೇ ಇರಲಿಲ್ಲ. ಆಮೇಲೆ ಫೋನುಗಳು ಕಡಿಮೆಯಾದವು. ದಿನವೂ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ಆಗಷ್ಟೇ ಓದು ಮುಗಿಸಿದ ಒಬ್ಬ ಯುವಕ ಶಿವಮೊಗ್ಗದಿಂದ ಬೈಕಿನಲ್ಲಿ ಬಂದು ಅರಿವಳಿಕೆ ಕೊಡುತ್ತಿದ್ದಾನೆಂದು ನರ್ಸೊಬ್ಬಳು ಹೇಳಿದಳು. ನಾನು ಸರ್ಜನ್‌ರಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ.

“ಅಯ್ಯೋ, ಬೇರೇನಿಲ್ಲ ಮೇಡಂ, ನಿಮ್ ಬೆನ್ನುನೋವಿನ ಯೋಚನೆ” ಎಂದರು. “ಅಷ್ಟು ದೊಡ್ಡ ಗಾಡೀನ ನಮ್ಮಂಥ ಚಿಕ್ಕ ಜಾಗಕ್ಕೆ ಯಾಕೆ ತರಿಸೋದು ಅಂತ.”

ಫೋನ್ ಇಟ್ಟೆ. ನಾನು ಮಾಡಿದ್ದು ಕೂರಲು ಒಂದು ಸೀಟು ಹುಡುಕಿದ್ದು. ಅವರು ಅರ್ಥ ಮಾಡಿಕೊಂಡದ್ದು ಬೇರೆಯೇ. ಇವರು ಚಹಾ ತಂದಿಟ್ಟು, “ಇನ್ನೂ ದೊಡ್ಡ ಎಂಜಿನ್ ತಗೊಂಡಿದ್ರೆ ಪೂರ್ತಿ ರಿಟೈರ್ಮೆಂಟೇ ಸಿಕ್ತಿತ್ತು” ಎಂದರು. ಅಳು ಬರುವಂತಿದ್ದರೂ ನಗು ಬಂತು. ಆ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದೆ. ಅವಮಾನವಾದ ದಿನ ಅಷ್ಟು ಗಾಢವಾದ ನಿದ್ದೆ ಹೇಗೆ ಬಂತೋ. ಮರುದಿನವೂ ಹಾಗೇ ಮಲಗಿದೆ. ಎಷ್ಟೋ ವರ್ಷದ ನಿದ್ದೆ ಸಾಲಾಗಿ ಬಂದು ಬಾಗಿಲಲ್ಲಿ ಕಾಯುತ್ತಿತ್ತೇನೋ ಎನ್ನಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸರ್ಜನ್‌ರೇ ಫೋನ್ ಮಾಡಿದರು. ದನಿ ಬದಲಾಗಿತ್ತು. ಹೆರಿಗೆಯ ಹೆಂಗಸು, ರಕ್ತ ನಿಲ್ಲುತ್ತಿಲ್ಲ, ಶಿವಮೊಗ್ಗಕ್ಕೆ ಸಾಗಿಸುವ ಸ್ಥಿತಿಯಲ್ಲಿಲ್ಲ, ಆ ಹುಡುಗ ರಜೆಯ ಮೇಲೆ ಊರಿಗೆ ಹೋಗಿದ್ದಾನೆ. ನಾನು ಕೂಡಲೇ ಹೊರಟೆ. ಅಂದು ಆ ಎಂಜಿನ್ ತನ್ನ ಪೂರ್ತಿ ಶಕ್ತಿ ತೋರಿಸಿತು ಎಂದು ಬರೆಯಲು ಆಸೆಯಾಗುತ್ತದೆ. ತೋರಿಸಲಿಲ್ಲ. ನಿದಿಗೆಯ ಬಳಿ ಎಮ್ಮೆಗಳು, ಆಮೇಲೆ ರೈಲ್ವೆ ಗೇಟು. ಎಲ್ಲರಂತೆ ನಾನೂ ಕಾದೆ. ಆದರೆ ಅಲ್ಲಿ ಇಳಿದಾಗ ನನ್ನ ಬೆನ್ನು ನೆಟ್ಟಗಿತ್ತು.

ನಾಲ್ಕು ಗಂಟೆ ಆಪರೇಷನ್ ಟೇಬಲ್ಲಿನ ಬಳಿ ನಿಂತೇ ಇದ್ದೆವು. ಹೆಂಗಸು ಉಳಿದಳು. ಹೊರಗೆ ಬಂದು ಸರ್ಜನ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ವರ್ಷದಲ್ಲಿ ಅವರು ಹಾಗೆ ಕುಸಿದು ಕೂತದ್ದನ್ನು ನಾನು ನೋಡಿರಲಿಲ್ಲ. ರಸ್ತೆಯಲ್ಲಿ ನಿಂತಿದ್ದ ನನ್ನ ಕಾರನ್ನು ನೋಡುತ್ತಾ, “ಒಂದ್ಸಲ ಓಡಿಸ್ಲಾ?” ಎಂದು ಕೇಳಿದರು.

ಕೀ ಕೊಟ್ಟೆ. ಬೈಪಾಸಿನವರೆಗೆ ಹೋಗಿ ಬಂದೆವು.  ಕೊನೆಗೆ, “ಏನೂ ಕೇಳ್ಸೋದೇ ಇಲ್ವಲ್ಲ ಮೇಡಂ” ಎಂದರು. “ನಮ್ ಜೀವನದಲ್ಲಿ ಇಷ್ಟು ನಿಶ್ಶಬ್ದ ಎಲ್ಲಿದೆ?” ಅವರಿಗೆ ಐವತ್ತು ದಾಟಿತ್ತು. ಕಣ್ಣ ಕೆಳಗಿನ ಕಪ್ಪು ನನ್ನ ಕಣ್ಣ ಕೆಳಗಿನದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಅವರ ಮೇಲಿದ್ದ ಸಿಟ್ಟನ್ನು ಹುಡುಕಿದೆ, ಸರಿಯಾಗಿ ಸಿಗಲಿಲ್ಲ.

ಇಳಿಯುವಾಗ, “ನಾಳೆ ಎರಡು ಕೇಸ್ ಇದೆ, ಬಂದ್ಬಿಡಿ” ಎಂದರು, ಏನೂ ಆಗಿಲ್ಲವೆಂಬಂತೆ.

“ನಾಳೆ ಆಗಲ್ಲ ಸಾರ್. ಬುಧವಾರ ಬರ್ತೀನಿ.”

ಹತ್ತು ವರ್ಷದಲ್ಲಿ ನಾನು ಅವರಿಗೆ ಆಗಲ್ಲ ಎಂದದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು, ಕೀ ವಾಪಸು ಕೊಟ್ಟರು. “ಆಗ್ಲಿ. ಬುಧವಾರಕ್ಕೇ ಇಟ್ಕೋತೀನಿ.”

ಆಮೇಲೆ ವಾರಕ್ಕೆ ಮೂರು ದಿನ ಮಾತ್ರ ಭದ್ರಾವತಿಗೆ ಹೋಗುತ್ತಿದ್ದೆ. ಉಳಿದ ದಿನಗಳಲ್ಲಿ ಬೈಕಿನ ಆ ಯುವಕ ಹೋಗುತ್ತಿದ್ದ. ಕಾರನ್ನು ಪೋರ್ಟಿಕೋಗೆ ತರಲು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಸ್ತೆಯಂಚಿನ ಹೊಂಗೆ ಮರದ ಕೆಳಗೆ ಒಳ್ಳೆಯ ನೆರಳಿತ್ತು.