ತಿಪ್ಪೆಯ ಸೀಸೆಗೆ ಮನೆಯಲ್ಲಿ ಜಾಗ

ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಹಳೆಯ ತಿಪ್ಪೆಯಿತ್ತು. ಬ್ರಿಟಿಷರ ಕಾಲದಲ್ಲಿ ಸ್ಟೇಷನ್ನಿನ ಊಟದ ಕೋಣೆಯವರು ಸುರಿದ ಕಸವೆಲ್ಲ ಅಲ್ಲಿ ಮಣ್ಣಾಗಿತ್ತು. ಐವತ್ತರ ದಶಕದ ಕೊನೆಯಲ್ಲಿ, ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನಗೆ ಆ ತಿಪ್ಪೆಯ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಗುದ್ದಲಿ ಹಿಡಿದು ಹಳೆಯ ಗಾಜಿನ ಸೀಸೆ ಹುಡುಕಲು ಹೊರಡುತ್ತಿದ್ದೆ. ಸಿಗುತ್ತಿದ್ದುದೇನು? ಕತ್ತು ಮುರಿದದ್ದು, ತಳ ಹಾರಿದ್ದು, ಬರೀ ಬೂದಿ. ಥೂ, ಒಂದಾದರೂ ಇಡಿಯಾಗಿ ಸಿಗಬಾರದೇ ಎಂದು ಮಣ್ಣಿಗೇ ಬೈಯುತ್ತಿದ್ದೆ. ಜನ ಬಸ್ಸು ಹತ್ತಿ ಹಳೇಬೀಡಿನ ಶಿಲ್ಪ ನೋಡಲು ಹೋದರೆ ಇವರು ಕಸ ಕೆದಕುತ್ತಾರೆ ಎಂದು ಜೊತೆಯ ಮೇಷ್ಟ್ರುಗಳು ಕಾಲೆಳೆಯುತ್ತಿದ್ದರು.

ಕೊನೆಗೂ ಒಂದು ಸಿಕ್ಕಿತು. ತಿಳಿ ಹಸಿರು ಗಾಜಿನ ಸೋಡಾ ಸೀಸೆ, ಮೈಮೇಲೆ ಉಬ್ಬು ಅಕ್ಷರ, ಒಂದು ಚೂರೂ ಮುಕ್ಕಾಗಿರಲಿಲ್ಲ. ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ಓಡಿದೆ.

ಹಿತ್ತಿಲ ಬಾಗಿಲಲ್ಲೇ ಅಮ್ಮ ತಡೆದಳು. ಯಾವ ದೊರೆ ಅದರಲ್ಲಿ ಏನು ಕುಡಿದನೋ, ಎಷ್ಟು ಜನರ ಎಂಜಲೋ, ತಿಪ್ಪೆಯ ಮೈಲಿಗೆಯ ವಸ್ತು ಒಳಗೆ ಬರಕೂಡದು ಎಂದಳು. ಬರೀ ಸೋಡಾ ಕಣಮ್ಮ ಎಂದು ಎಷ್ಟು ಬಡಿದುಕೊಂಡರೂ ಜಪ್ಪಯ್ಯ ಎನ್ನಲಿಲ್ಲ. ಸೀಸೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದುಕೊಂಡಿತು. ಬೆಕ್ಕು ಉರುಳಿಸಿದರೆ? ಮೇಲಿಂದ ತೆಂಗಿನ ಗರಿ ಬಿದ್ದರೆ? ಪಾಠ ಮಾಡುವಾಗಲೂ ನನಗೆ ಅದೇ ಯೋಚನೆ. ಊಟಕ್ಕೆ ಕೂತಾಗ ಅಮ್ಮನ ಜೊತೆ ಮಾತು ಬಿಟ್ಟೆ.

ಒಂದು ಚಳಿಗಾಲದ ಬೆಳಿಗ್ಗೆ ಹಾಲು ತಂದು ನೋಡುತ್ತೇನೆ, ಅಮ್ಮ ಬಚ್ಚಲೊಲೆಯ ಮುಂದೆ ಕೈಕಟ್ಟಿ ನಿಂತಿದ್ದಾಳೆ. ಸೀಸೆಗೆ ಸೀಗೆಪುಡಿ ಹಚ್ಚಿ ಉಜ್ಜಿದ್ದಳಂತೆ. ಅಷ್ಟಕ್ಕೇ ಸಮಾಧಾನವಾಗದೆ, ರಾತ್ರಿಯಿಡೀ ಇಬ್ಬನಿಯಲ್ಲಿ ತಣ್ಣಗಾಗಿದ್ದ ಅದನ್ನು ಹಂಡೆಯ ಕುದಿನೀರಿಗೆ ಅದ್ದಿದ್ದಳು. ಗಾಜು ಕತ್ತಿನಿಂದ ತಳದವರೆಗೆ ಸೀಳಿ ಚೂರಾಗಿತ್ತು.

"ಮೈಲಿಗೆ ಹೋದ್ರೆ ಒಳಗೆ ಇಡಬಹುದು ಅಂತ ಮಾಡಿದೆ ಕಣೋ," ಎಂದಳು.

ನಾನು ಒಳಗೆ ಹೋದೆ. ನಡುಮನೆಯ ಗೂಡು ಖಾಲಿಯಾಗಿತ್ತು. ಅದರಲ್ಲಿದ್ದ ಅವಳ ಅರಿಸಿನ ಕುಂಕುಮದ ಬಟ್ಟಲುಗಳು ನೆಲದ ಮೇಲಿದ್ದವು. ತಳ ದುಂಡಗಿದ್ದ ಸೀಸೆ ಉರುಳಬಾರದೆಂದು ಹಳೆಯ ಸೀರೆಯ ತುಂಡಿನಿಂದ ಸಿಂಬಿ ಸುತ್ತಿ ಆ ಗೂಡಿನಲ್ಲಿ ಇಟ್ಟಿದ್ದಳು. ಯಾರನ್ನು ಬೈಯಲಿ? ಚೂರುಗಳನ್ನಾದರೂ ಆ ಸಿಂಬಿಯ ಮೇಲೆ ಇಟ್ಟುಕೊಳ್ಳೋಣವೆಂದು ಬಾಚಿಕೊಂಡು ಬಂದೆ. ಬಾಗಿಲಲ್ಲಿ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಅಡ್ಡ ನಿಂತಳು.

"ಒಡೆದ ಗಾಜು ಮನೇಲಿ ಇಟ್ಕೋಬಾರ್ದು ಕಣೋ."